ದೇವರ ಮೇಲಿನ ಹುರುಪು ಎಲ್ಲಿ ಖರ್ಚಾಗುತ್ತಿದೆ?

ಗುಡುಗಿನಮರಿ · ಸೋಮವಾರ, ರಾತ್ರಿ 10.42

ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಇಲ್ಲಿ ಹಲವರಿಗೆ ನನ್ನ ಪರಿಚಯ ಇದೆ. ಆರಾಧನೆಯಲ್ಲಿ ಡ್ರಮ್ ಬಾರಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ನೆನಪಿದೆಯಲ್ಲ, ಮುನ್ನೂರು ಕಾಮೆಂಟ್ ದಾಟಿದ್ದು? ಅದರಲ್ಲಿ ದೊಡ್ಡ ಪಾಲು ನನ್ನದೇ. ಬೈಬಲಿನ ಯಾವ ಅನುವಾದ ಸರಿ, ದೀಕ್ಷಾಸ್ನಾನಕ್ಕೆ ಎಷ್ಟು ನೀರು ಬೇಕು, ಕ್ರಿಸ್‌ಮಸ್ ಆಚರಿಸಬಹುದೋ ಇಲ್ಲವೋ, ಅಂತ್ಯಕಾಲದ ಲೆಕ್ಕ. ಜಗಳ ಎಲ್ಲಿತ್ತೋ ಅಲ್ಲಿ ನಾನಿದ್ದೆ. ಸುಮಾರು ನಾಲ್ಕು ವರ್ಷ. ಸತ್ಯದ ಪರ ನಿಂತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಹೋದ ತಿಂಗಳು ಒಂದು ರಾತ್ರಿ ಹಳೆಯ ಗೆಳೆಯನೊಬ್ಬ ಮೆಸೇಜ್ ಕಳಿಸಿದ. "ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಬರೋಕೆ ಆಗುತ್ತಾ?" 9.20ಕ್ಕೆ ಬಂದಿತ್ತು. ನಾನು ಯಾರಿಗೋ ಉತ್ತರ ಬರೆಯುತ್ತಿದ್ದೆ. ಕೈಮುಗಿದ ಚಿತ್ರ ಒಂದು ಹಾಕಿ, "ಪ್ರಾರ್ಥನೆ ಮಾಡ್ತೀನಿ ಕಣೋ" ಅಂತ ಕಳಿಸಿದೆ. ಬೆಳಗಿನ ಜಾವ ಅವರು ತೀರಿಕೊಂಡರು. ಆ ಪ್ರಾರ್ಥನೆಯನ್ನೂ ನಾನು ಮಾಡಿರಲಿಲ್ಲ. ಅದು ಜಾಸ್ತಿ ಚುಚ್ಚುತ್ತಿದೆ.

ಆಮೇಲೆ ಒಂದು ದಿನ ಕೂತು ಎಣಿಸಿದೆ. ಆ ರಾತ್ರಿ 9.20ರಿಂದ 12ರವರೆಗೆ ನಾನು ಹಾಕಿದ್ದು ಹನ್ನೊಂದು ಕಾಮೆಂಟ್. ಎಲ್ಲವೂ ಡ್ರಮ್ ಬಗ್ಗೆ.

ರೋಮಾಪುರದವರಿಗೆ ಬರೆದ ಪತ್ರದಲ್ಲಿ (10:2) ಪೌಲನು ತನ್ನ ಸ್ವಂತ ಜನರ ಬಗ್ಗೆ ಒಂದು ಮಾತು ಹೇಳುತ್ತಾನೆ. ಅವರಿಗೆ ದೇವರ ವಿಷಯದಲ್ಲಿ ಆಸಕ್ತಿ ಇದೆ, ಆದರೆ ತಿಳುವಳಿಕೆ ಇಲ್ಲ ಅಂತ. ಈ ವಚನವನ್ನು ನಾನು ಎಷ್ಟೋ ಜನರ ಮುಖಕ್ಕೆ ಹಿಡಿದಿದ್ದೇನೆ. ನನ್ನ ಮುಖಕ್ಕೆ ಹಿಡಿದುಕೊಂಡಿದ್ದು ಇದೇ ಮೊದಲು.

ಕ್ರೈಸ್ತನಿಗೆ ಹುರುಪು ಇರಬೇಕಾದ್ದು ಯಾವುದರ ಬಗ್ಗೆ? "ದೇವರ ಬಗ್ಗೆ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ ದಯವಿಟ್ಟು. ನಾನೂ ಅದನ್ನೇ ಹೇಳುತ್ತಿದ್ದೆ.

ಕಾವಲುಗಾರ · ಸೋಮವಾರ, ರಾತ್ರಿ 11.15

ಬ್ರದರ್, ನಿಮ್ಮ ಗೆಳೆಯನ ತಾಯಿಯ ವಿಷಯ ಓದಿ ಬೇಸರವಾಯಿತು. ಆದರೆ ಒಂದು ರಾತ್ರಿ ಎಡವಿದ್ದಕ್ಕೆ ನಾಲ್ಕು ವರ್ಷದ ಕೆಲಸವನ್ನೆಲ್ಲ ತಿಪ್ಪೆಗೆ ಎಸೆಯಬೇಡಿ.

ಇವತ್ತಿನ ಸಭೆಗಳ ರೋಗ ಹುರುಪು ಹೆಚ್ಚಾಗಿದ್ದಲ್ಲ. ನಿದ್ದೆ. ಪ್ರಕಟನೆ 3ರಲ್ಲಿ ಲವೊದಿಕೀಯದ ಸಭೆಗೆ ಕ್ರಿಸ್ತನು ಏನು ಹೇಳಿದ್ದು? ನೀನು ತಣ್ಣಗೂ ಇಲ್ಲ, ಬಿಸಿಯಾಗಿಯೂ ಇಲ್ಲ, ಬಾಯಿಂದ ಕಾರಿಬಿಡುತ್ತೇನೆ ಅಂತ. ಯೂದನ ಪತ್ರ ತೆಗೆಯಿರಿ, ನಂಬಿಕೆಗಾಗಿ ಹೋರಾಡಿ ಅನ್ನುತ್ತದೆ. ತಪ್ಪು ಬೋಧನೆ ಬಂದಾಗ ಯಾರಾದರೂ ಬಾಗಿಲಲ್ಲಿ ನಿಲ್ಲಬೇಕು. ನಿಂತವನಿಗೆ ಜಗಳಗಂಟ ಅನ್ನುವುದು ಸುಲಭ.

ಇಂಗ್ಲೆಂಡಿನ ವಿಲಿಯಂ ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರದ ವಿರುದ್ಧ 1787ರಲ್ಲಿ ಹಿಡಿದ ಹಟವನ್ನು ಸಾಯುವತನಕ ಬಿಡಲಿಲ್ಲ. ಮೊದಲ ನಿರ್ಣಯ 1791ರಲ್ಲಿ ಬಿದ್ದುಹೋಯಿತು. ವ್ಯಾಪಾರ ನಿಂತದ್ದು 1807ರಲ್ಲಿ. ಗುಲಾಮಗಿರಿಯನ್ನೇ ತೆಗೆಯುವ ಮಸೂದೆ ಕಾಮನ್ಸ್ ಸಭೆಯಲ್ಲಿ ಪಾಸಾದದ್ದು 1833ರ ಜುಲೈನಲ್ಲಿ, ಅವರು ಸಾಯುವುದಕ್ಕೆ ಮೂರು ದಿನ ಮುಂಚೆ. 46 ವರ್ಷ! ಹುರುಪು ಇಲ್ಲದೆ ಇದು ಆಗುತ್ತಿತ್ತಾ?

ಸಾಸಿವೆಕಾಳು · ಮಂಗಳವಾರ, ಬೆಳಿಗ್ಗೆ 6.05

ಕಾವಲುಗಾರ ಬ್ರದರ್, ವಿಲ್ಬರ್‌ಫೋರ್ಸ್ ಉದಾಹರಣೆಗೆ ಪೂರ್ತಿ ಒಪ್ಪಿಗೆ. ಆದರೆ ಅವರು 46 ವರ್ಷ ಹೋರಾಡಿದ್ದು ಬೇರೆಯವರ ಬೆನ್ನಿನ ಮೇಲೆ ಬೀಳುತ್ತಿದ್ದ ಚಾಟಿಯನ್ನು ನಿಲ್ಲಿಸುವುದಕ್ಕೆ. ಡ್ರಮ್ ನಿಲ್ಲಿಸುವುದಕ್ಕಲ್ಲ. :)

ಗುಡುಗಿನಮರಿ, ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಇಸ್ರಾಯೇಲಿನ ಅರಸ ಯೇಹು. ಹುರುಪಿಗೆ ಬೈಬಲಿನಲ್ಲಿ ಅವನಷ್ಟು ಪ್ರಚಾರ ಕೊಟ್ಟುಕೊಂಡವನು ಇನ್ನೊಬ್ಬನಿಲ್ಲ. 2 ಅರಸು 10ನೇ ಅಧ್ಯಾಯ. ದಾರಿಯಲ್ಲಿ ಯೆಹೋನಾದಾಬ ಸಿಗುತ್ತಾನೆ. ಯೇಹು ಕೈಕೊಟ್ಟು ರಥಕ್ಕೆ ಹತ್ತಿಸಿಕೊಂಡು, ನನ್ನ ಜೊತೆ ಬಾ, ಯೆಹೋವನ ವಿಷಯದಲ್ಲಿ ನನಗೆಷ್ಟು ಹುರುಪಿದೆ ಅಂತ ನೋಡುವೆಯಂತೆ ಅನ್ನುತ್ತಾನೆ. ನೋಡೋಕೆ ಒಬ್ಬರು ಬೇಕು ಅವನಿಗೆ!

ಆಮೇಲೆ ಏನು ಮಾಡಿದ? ಬಾಳ ಅನ್ನೋ ಅನ್ಯದೇವರಿಗೆ ದೊಡ್ಡ ಹಬ್ಬ ಅಂತ ಸುಳ್ಳು ಹೇಳಿ ಭಕ್ತರನ್ನೆಲ್ಲ ಗುಡಿಯಲ್ಲಿ ಸೇರಿಸಿದ. ಹೊರಗೆ ಎಂಬತ್ತು ಜನರನ್ನು ನಿಲ್ಲಿಸಿದ. ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಗುಡಿ ಒಡೆದು ಕಕ್ಕಸು ಮಾಡಿಸಿದ. ಇಷ್ಟೆಲ್ಲ ಆದಮೇಲೆ 29ನೇ ವಚನ ಬರುತ್ತದೆ. ಬೇತೇಲಿನಲ್ಲಿ ಮತ್ತು ದಾನ್‌ನಲ್ಲಿ ಇದ್ದ ಬಂಗಾರದ ಕರುಗಳನ್ನು ಮಾತ್ರ ಅವನು ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಆ ಕರುಗಳನ್ನು ಮಾಡಿಸಿದ್ದು ಯಾರೊಬ್ಬಾಮ. ಜನ ಯೆರೂಸಲೇಮಿಗೆ ಪೂಜೆಗೆ ಹೋಗಿಬಿಟ್ಟರೆ ಅಲ್ಲಿನ ಅರಸನ ಕಡೆ ವಾಲುತ್ತಾರೆ, ತನ್ನ ಪಟ್ಟ ಹೋಗುತ್ತದೆ ಅನ್ನೋ ಭಯ ಅವನಿಗೆ (1 ಅರಸು 12). ಯೇಹು ಈಗ ಅದೇ ಪಟ್ಟದ ಮೇಲೆ ಕೂತಿದ್ದ. ಬಾಳ ಇನ್ನೊಬ್ಬರ, ಅವನು ಕೆಡವಿದ ಅರಸುಮನೆತನದ ದೇವರು. ಅದನ್ನು ಒಡೆದರೆ ಲಾಭ. ಕರುಗಳನ್ನು ಒಡೆದರೆ ನಷ್ಟ ತನಗೇ.

ನನಗೆ ಹುರುಪು ಬಂದಾಗಲೆಲ್ಲ ಈಗ ಇದನ್ನು ಕೇಳಿಕೊಳ್ಳುತ್ತೇನೆ. ಒಡೆಯುತ್ತಿರೋದು ಯಾರ ಮನೆಯದು? ನನ್ನ ಕರು ಎಲ್ಲಿದೆ?

ಕಾವಲುಗಾರ · ಮಂಗಳವಾರ, ಬೆಳಿಗ್ಗೆ 7.30

ಸಿಸ್ಟರ್, ಒಂದು ವಚನ ಮುಂದೆ ಓದಿ. 30ನೇ ವಚನದಲ್ಲಿ ದೇವರೇ ಯೇಹುವಿಗೆ, ಚೆನ್ನಾಗಿ ಮಾಡಿದೆ, ನಾಲ್ಕು ತಲೆಮಾರು ನಿನ್ನ ಮಕ್ಕಳು ಸಿಂಹಾಸನದಲ್ಲಿ ಇರುತ್ತಾರೆ ಅನ್ನುತ್ತಾನೆ. ಅನುಕೂಲಕ್ಕೆ ತಕ್ಕ ಹಾಗೆ 29ಕ್ಕೆ ನಿಲ್ಲಿಸುವುದು ಸರಿಯಲ್ಲ. ಅರಣ್ಯಕಾಂಡ 25ರಲ್ಲಿ ತಪ್ಪು ಮಾಡಿದವರನ್ನು ಈಟಿಯಿಂದ ತಿವಿದು ಕೊಂದ ಫೀನೆಹಾಸನ ಹುರುಪನ್ನೂ ದೇವರು ಮೆಚ್ಚಿದ.

ಸಾಸಿವೆಕಾಳು · ಮಂಗಳವಾರ, ಬೆಳಿಗ್ಗೆ 7.48

ಒಪ್ಪಿದೆ, 30ನ್ನು ಬಿಡಬಾರದಿತ್ತು. ನೀವು 31ನ್ನೂ ಓದಿ. ಯೇಹು ಪೂರ್ಣ ಮನಸ್ಸಿನಿಂದ ನಡೆಯಲಿಲ್ಲ ಅಂತಿದೆ. ಹೋಶೇಯ 1:4ರಲ್ಲಿ ಇಜ್ರೇಲಿನಲ್ಲಿ ಸುರಿಸಿದ ರಕ್ತಕ್ಕಾಗಿ ಯೇಹುವಿನ ಮನೆತನವನ್ನು ದಂಡಿಸುತ್ತೇನೆ ಅಂತ ಅದೇ ದೇವರು ಹೇಳುತ್ತಾನೆ. ಎರಡನ್ನೂ ಹೇಗೆ ಜೋಡಿಸುವುದೋ ನನಗೆ ಗೊತ್ತಿಲ್ಲ. ಆದರೆ ಆಜ್ಞೆ ಪಾಲಿಸಿದ ಕೈಯಲ್ಲೂ ತಪ್ಪು ಇರಬಹುದು ಅನ್ನುವುದಂತೂ ಅಲ್ಲಿದೆ.

ಫೀನೆಹಾಸನ ಬಗ್ಗೆ ಇನ್ನೊಂದು ಮಾತು. ಪೌಲ ಕ್ರಿಸ್ತನನ್ನು ಅರಿಯುವ ಮುಂಚೆ ಸಭೆಯನ್ನು ಹಿಂಸಿಸಿದಾಗ, ತಾನು ಫೀನೆಹಾಸನ ದಾರಿಯಲ್ಲೇ ಇದ್ದೇನೆ ಅಂದುಕೊಂಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಫಿಲಿಪ್ಪಿ 3:6ರಲ್ಲಿ ತನ್ನ ಹುರುಪಿಗೆ ಅವನು ಕೊಡುವ ಪುರಾವೆ ಒಂದೇ, ಸಭೆಯನ್ನು ಹಿಂಸೆಪಡಿಸಿದೆ ಅನ್ನೋದು. ಮುಂದಿನ ಎರಡು ವಚನದಲ್ಲಿ ಅದನ್ನೆಲ್ಲ ಕಸ ಅನ್ನುತ್ತಾನೆ.

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 9.10

ಡ್ಯೂಟಿ ಮುಗಿಸಿ ಬಂದು ಓದುತ್ತಿದ್ದೇನೆ, ಕಣ್ಣು ಎಳೆಯುತ್ತಿದೆ. ನಾನು ನರ್ಸ್. ವಚನ ನಿಮ್ಮಷ್ಟು ಬಾಯಿಗೆ ಬರುವುದಿಲ್ಲ. ಒಂದು ಮಾತ್ರ ನೆನಪಿದೆ.

ಮಾರ್ಕ 3. ಸಬ್ಬತ್ ದಿನ, ಅಂದರೆ ಕೆಲಸ ಮಾಡಬಾರದ ವಿಶ್ರಾಂತಿಯ ದಿನ. ಕೈ ಬತ್ತಿದವನೊಬ್ಬ ಸಭಾಮಂದಿರದಲ್ಲಿ ಇದ್ದಾನೆ. ಯೇಸು ವಾಸಿಮಾಡುತ್ತಾನೋ ಅಂತ ಎಲ್ಲರೂ ಹೊಂಚು ಹಾಕಿ ನೋಡುತ್ತಾರೆ. ಆತನು ಕೋಪದಿಂದ ಸುತ್ತ ನೋಡಿದನು ಅಂತಿದೆ. ಅವರ ಮನಸ್ಸಿನ ಕಲ್ಲುತನಕ್ಕೆ ದುಃಖವನ್ನೂ ಪಟ್ಟನು ಅಂತಿದೆ. ಕೈ ವಾಸಿಯಾಯಿತು. ನಿಯಮಕ್ಕೆ ಕಟ್ಟುಬಿದ್ದ ಫರಿಸಾಯರು ಹೊರಗೆ ಹೋಗಿ ಆತನನ್ನು ಕೊಲ್ಲುವುದು ಹೇಗೆ ಅಂತ ಯೋಚನೆ ಮಾಡಿದರು. ಆಗಲೇ, ತಕ್ಷಣ. ಅಂದರೆ ಸಬ್ಬತ್ ದಿನವೇ! ಕೈ ವಾಸಿಮಾಡಿದರೆ ಸಬ್ಬತ್ ಕೆಡುತ್ತದೆ, ಕೊಲೆಗೆ ಪ್ಲಾನ್ ಹಾಕಿದರೆ ಕೆಡುವುದಿಲ್ಲ.

ವಾರ್ಡಿನಲ್ಲಿ ಇಂಥದ್ದು ನೋಡಿದ್ದೇನೆ. ಉಸಿರಾಡಲು ಕಷ್ಟಪಡುತ್ತಿದ್ದ ರೋಗಿಯ ಮಂಚದ ಈ ಕಡೆ ಒಂದು ಪಂಗಡದವರು, ಆ ಕಡೆ ಇನ್ನೊಂದು. ಯಾರು ಎಣ್ಣೆ ಹಚ್ಚಬೇಕು, ಯಾರ ಪ್ರಾರ್ಥನೆ ಮೊದಲು ಅಂತ ವಾದ. ರೋಗಿ ನನ್ನ ಕಡೆ ಕಣ್ಣಲ್ಲೇ ಕೇಳಿದರು. ನಾನು ಎಲ್ಲರನ್ನೂ ಹೊರಗೆ ಕಳಿಸಿದೆ. ದೇವರ ಕೆಲಸಕ್ಕೆ ಅಡ್ಡಿ ಮಾಡಿದಳು ಅಂತ ನನ್ನ ಮೇಲೆ ದೂರು ಕೂಡ ಹೋಯಿತು. ಇರಲಿ ಬಿಡಿ.

ಗುಡುಗಿನಮರಿ, ನಿಮ್ಮ ಗೆಳೆಯನ ಜೊತೆ ಆಮೇಲೆ ಮಾತಾಡಿದಿರಾ? ಅದನ್ನು ನೀವು ಬರೆದೇ ಇಲ್ಲ.

ಪಕ್ಕದಮನೆಯವನು · ಮಂಗಳವಾರ, ಮಧ್ಯಾಹ್ನ 1.20

ನಾನು ಕ್ರೈಸ್ತನಲ್ಲ. ನನ್ನ ಗೆಳತಿಯೊಬ್ಬರು ಈ ಕೊಂಡಿ ಕಳಿಸಿದರು. ಹೊರಗಿನವನು ಮಾತಾಡಬಹುದಾ?

ಹೊರಗಿನಿಂದ ನೋಡಿದರೆ ನಿಮ್ಮ ಹುರುಪು ಎರಡು ಕಡೆ ಕಾಣಿಸುತ್ತದೆ. ಒಂದು, ನನ್ನನ್ನು ಬದಲಾಯಿಸುವುದಕ್ಕೆ. ಇನ್ನೊಂದು, ನಿಮ್ಮೊಳಗೇ ಒಬ್ಬರನ್ನೊಬ್ಬರು ಸುಳ್ಳು ಅನ್ನುವುದಕ್ಕೆ. ಒಮ್ಮೆ ಒಬ್ಬರು ನನ್ನ ಜೊತೆ ಒಂದು ಗಂಟೆ ಮಾತಾಡಿದರು. ಪೂರ್ತಿ ಅವರೇ. ಹೊರಡುವಾಗ ನನ್ನ ಹೆಸರನ್ನು ತಪ್ಪಾಗಿ ಕರೆದರು. ನನ್ನ ಆತ್ಮದ ಬಗ್ಗೆ ಅಷ್ಟು ಚಿಂತೆ ಇದ್ದವರಿಗೆ ನನ್ನ ಹೆಸರು ಬೇಕಾಗಿರಲಿಲ್ಲ.

ಒಂದು ಪ್ರಶ್ನೆ. ನಿಮ್ಮ ಯೇಸು ಕೂಡ ಚಾಟಿ ಹಿಡಿದು ದೇವಾಲಯದಲ್ಲಿ ಮೇಜು ಉರುಳಿಸಿದ ಅಂತ ಕೇಳಿದ್ದೇನೆ. ಅದು ಯಾವ ಲೆಕ್ಕಕ್ಕೆ?

ಕಾವಲುಗಾರ · ಮಂಗಳವಾರ, ಮಧ್ಯಾಹ್ನ 1.52

ಖಂಡಿತ ಮಾತಾಡಬಹುದು ಸಾರ್, ಸ್ವಾಗತ. ಹೆಸರು ತಪ್ಪಿದ್ದು ನಾಚಿಕೆಯ ವಿಷಯ. ಮತ್ತೆ, ಚಾಟಿಯ ಪ್ರಶ್ನೆ ನಾನೂ ಕೇಳಬೇಕು ಅಂತಲೇ ಇದ್ದೆ. ಅದಕ್ಕೆ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ಎರಡನೇಮೈಲಿ · ಮಂಗಳವಾರ, ಸಂಜೆ 5.40

ನಾನು ಕೊಡುತ್ತೇನೆ. ನಿವೃತ್ತ ಮೇಷ್ಟ್ರು, ಸಮಯ ಬೇಕಾದಷ್ಟಿದೆ. ಪಾಠದ ವಾಸನೆ ಬಂದರೆ ಕ್ಷಮಿಸಿ.

ನಿನ್ನ ಮನೆಯ ಮೇಲಿನ ಅಭಿಮಾನ ನನ್ನನ್ನು ದಹಿಸುತ್ತದೆ ಎಂಬ ಕೀರ್ತನೆಯ ಮಾತು ಶಿಷ್ಯರಿಗೆ ನೆನಪಾದದ್ದು ಆಗಲೇ (ಯೋಹಾನ 2:17). ಆದರೆ ಆ ಮೇಜುಗಳು ಎಲ್ಲಿದ್ದವು? ಅವು ಇದ್ದದ್ದು ಹೊರಗಿನ ಅಂಗಳದಲ್ಲಿ ಅಂತ ಸಾಮಾನ್ಯವಾಗಿ ತಿಳಿಯುತ್ತಾರೆ. ಯೆಹೂದ್ಯರಲ್ಲದವರು ಅಲ್ಲಿಗೆ ಮಾತ್ರ ಬರಬಹುದಿತ್ತು. ಅದರಾಚೆ ಕಾಲಿಟ್ಟರೆ ಮರಣ ಅಂತ ಕಲ್ಲಿನ ಮೇಲೆ ಗ್ರೀಕಿನಲ್ಲಿ ಕೆತ್ತಿ ನಿಲ್ಲಿಸಿದ್ದರು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿದೆ. ಅಂದರೆ ಹೊರಗಿನವನಿಗೆ ಪ್ರಾರ್ಥನೆಗೆ ಇದ್ದ ಜಾಗವೇ ಅದೊಂದು. ಅಲ್ಲಿ ದನ, ಕುರಿ, ಪಾರಿವಾಳ, ಚಿಲ್ಲರೆ ವ್ಯಾಪಾರ. ಅದಕ್ಕೇ ಮಾರ್ಕ 11:17ರಲ್ಲಿ ಆತನು ಯೆಶಾಯನ ಮಾತನ್ನು ಎತ್ತುತ್ತಾನೆ: ಇದು ಎಲ್ಲ ಜನಾಂಗಗಳಿಗೂ ಪ್ರಾರ್ಥನೆಯ ಮನೆ. ಪಾರಿವಾಳ ಬಡವರ ಕಾಣಿಕೆ ಅನ್ನುವುದನ್ನೂ ಮರೆಯಬೇಡಿ. ಮತ್ತಾಯ 21:14 ಹೇಳುತ್ತದೆ, ಅದಾದ ಮೇಲೆ ಕುರುಡರೂ ಕುಂಟರೂ ದೇವಾಲಯದಲ್ಲಿ ಆತನ ಹತ್ತಿರ ಬಂದರು, ಆತನು ವಾಸಿಮಾಡಿದನು.

ಪಕ್ಕದಮನೆಯವರೇ, ಆ ಚಾಟಿ ಬೀಸಿದ್ದು ನಿಮ್ಮಂಥವರಿಗೆ ಜಾಗ ಬಿಡಿಸುವುದಕ್ಕೆ. ನಾವು ಅದನ್ನೇ ತೋರಿಸಿ ನಿಮ್ಮನ್ನು ಹೊರಗೆ ಅಟ್ಟುತ್ತೇವೆ. ನಗಬೇಕೋ ಅಳಬೇಕೋ.

ಇನ್ನು ಪದದ ವಿಷಯ. ಗ್ರೀಕಿನಲ್ಲಿ 'ಜೇಲೋಸ್' ಅಂತ ಪದ. ಯೋಹಾನ 2:17ರಲ್ಲಿ ಇರುವುದೂ ಅದೇ, ಯಾಕೋಬ 3:14ರಲ್ಲಿ ಕಹಿಯಾದ ಮತ್ಸರ ಅಂತ ಬರುವುದೂ ಅದೇ. ನಮ್ಮ ಕನ್ನಡದಲ್ಲಿ ಕಿಚ್ಚು ಇದೆಯಲ್ಲ, ಹಾಗೆ. ಎದೆಯಲ್ಲಿದ್ದರೆ ಒಂದು, ಹೊಟ್ಟೆಗಿಳಿದರೆ ಇನ್ನೊಂದು. ಉರಿಯುವವನಿಗೆ ಮಾತ್ರ ಎರಡೂ ಒಂದೇ ಥರ ಬಿಸಿ.

ಎರಡನೇಮೈಲಿ · ಮಂಗಳವಾರ, ಸಂಜೆ 6.25

ಕಾಮೆಂಟ್ ಉದ್ದವಾಯಿತು ಅಂತ ನಿಲ್ಲಿಸಿದ್ದೆ. ಅಲೆಕ್ಸಾಂಡ್ರಿಯ ಊರಿನ ಕಥೆ ಹೇಳದೆ ಮನಸ್ಸು ತಡೆಯುತ್ತಿಲ್ಲ.

ಮೂರನೇ ಶತಮಾನದ ನಡುವಿನಲ್ಲಿ ರೋಮ್ ಸಾಮ್ರಾಜ್ಯದಲ್ಲಿ ದೊಡ್ಡ ಸಾಂಕ್ರಾಮಿಕ ಬಂತು. ಜನ ಸ್ವಂತದವರನ್ನೇ ಬೀದಿಗೆ ಹಾಕಿ ಓಡುತ್ತಿದ್ದರು. ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್ ಆಗ ಬರೆದ ಪತ್ರ ಉಳಿದಿದೆ. ಕ್ರೈಸ್ತರು ರೋಗಿಗಳ ಹತ್ತಿರವೇ ಇದ್ದು ಉಪಚಾರ ಮಾಡಿದರು, ಹಾಗೆ ಮಾಡುತ್ತ ಎಷ್ಟೋ ಜನ ತಾವೂ ಸತ್ತರು ಅಂತ ಅದರಲ್ಲಿದೆ. ಕ್ರೈಸ್ತರು ಆಗ ಅಲ್ಪಸಂಖ್ಯಾತರು. ಹಿಂಸೆಯನ್ನೂ ಅನುಭವಿಸುತ್ತಿದ್ದರು.

ಸುಮಾರು ನೂರೈವತ್ತು ವರ್ಷದ ನಂತರ ಅದೇ ಊರು. ಈಗ ಅಧಿಕಾರ ಕ್ರೈಸ್ತರ ಕೈಯಲ್ಲಿ. 415ರಲ್ಲಿ ಕ್ರೈಸ್ತರ ಗುಂಪೊಂದು ಹೈಪೇಷಿಯ ಎಂಬ ಗಣಿತದ ವಿದುಷಿಯನ್ನು ರಥದಿಂದ ಎಳೆದು ಕೊಂದಿತು. ದೇವರ ಹೆಸರಿನಲ್ಲಿ. ಆ ಕಾಲದಲ್ಲಿ ಅಲ್ಲಿ 'ಪರಬಲಾನಿ' ಅಂತ ಒಂದು ಪಡೆ ಇತ್ತು. ಕೆಲಸ ರೋಗಿಗಳ ಆರೈಕೆ. ಬರಬರುತ್ತ ಅವರು ಬಿಷಪ್ಪರ ತೋಳ್ಬಲ ಆದರು. ಕೋರ್ಟು, ಸಭೆಗಳಲ್ಲಿ ಜನರನ್ನು ಹೆದರಿಸುತ್ತಾರೆ ಅಂತ 416ರಲ್ಲಿ ಚಕ್ರವರ್ತಿಯ ಕಾನೂನು ಬಂತು, ಅವರ ಸಂಖ್ಯೆ 500 ದಾಟಬಾರದು ಅಂತ. ಹೈಪೇಷಿಯಳನ್ನು ಕೊಂದದ್ದು ಅವರೇ ಅಂತ ನಾನು ಹೇಳುತ್ತಿಲ್ಲ. ಆದರೆ ಯೋಚಿಸಿ. ರೋಗಿಯ ಮಂಚ ಹೊರಲು ಕಟ್ಟಿದ ಪಡೆಗೆ ತಲೆಎಣಿಕೆ ಹಾಕಿ ಕಡಿವಾಣ ಹಾಕಬೇಕಾಯಿತು!

ಹುರುಪು ಕಡಿಮೆಯಾಗಿರಲಿಲ್ಲ ನೋಡಿ. ಕೈ ಬೇರೆ ಕೆಲಸಕ್ಕೆ ಹೋಗಿತ್ತು.

ಬೆಂಕಿಪೊಟ್ಟಣ · ಮಂಗಳವಾರ, ರಾತ್ರಿ 8.15

ಸರ್, ಕೈ ಅಂದಿರಿ, ನನಗೆ ಚಡ್ಡಿ ನೆನಪಾಯಿತು. :D

ಅಮೆರಿಕದ ಜೇಮ್ಸ್ ಡೇವನ್‌ಪೋರ್ಟ್ ಅನ್ನೋ ಬೋಧಕ. 1743ರ ಮಾರ್ಚ್, ನ್ಯೂ ಲಂಡನ್ ಅನ್ನೋ ಊರು. ತನಗೆ ಸರಿಕಾಣದ ಧರ್ಮಗ್ರಂಥಗಳನ್ನೆಲ್ಲ ರಾಶಿ ಹಾಕಿಸಿ ಸುಡಿಸಿದ. ಮಾರನೇ ದಿನ ಬಟ್ಟೆಗಳ ಸರದಿ. ಆಡಂಬರ ಬಿಡಬೇಕು ಅಂತ ತನ್ನ ಮಖಮಲ್ ಚಲ್ಲಣವನ್ನೇ ಬಿಚ್ಚಿ ಎಸೆದ. ಒಬ್ಬ ಹೆಂಗಸು ಅದನ್ನು ಎತ್ತಿ ವಾಪಸ್ ಅವನ ಮುಖಕ್ಕೇ ಎಸೆದಳಂತೆ. ಗುಂಪಿನ ಅಮಲು ಅಲ್ಲಿಗೆ ಇಳಿಯಿತು.

ಆದರೆ ನನಗೆ ಇಷ್ಟವಾದದ್ದು ಮುಂದಿನ ವರ್ಷ. 1744ರಲ್ಲಿ ಅವನೇ ತಪ್ಪೊಪ್ಪಿಗೆ ಅಚ್ಚು ಹಾಕಿಸಿದ. ತಪ್ಪು ಆತ್ಮದ ಪ್ರೇರಣೆಗೆ ಬಿದ್ದಿದ್ದೆ, ಆಗ ಕಾಯಿಲೆಯೂ ಇತ್ತು ಅಂತ ಬರೆದ. ಬೇರೆ ಬೋಧಕರನ್ನು ಹೆಸರು ಹಿಡಿದು ಹಳಿದದ್ದು ತಪ್ಪು ಅಂದ. ಇವತ್ತು ಪೋಸ್ಟ್ ಡಿಲೀಟ್ ಮಾಡಿ ಸುಮ್ಮನಾಗುತ್ತಾರೆ, ಅಲ್ವಾ?

ನಿರ್ವಾಹಕ · ಮಂಗಳವಾರ, ರಾತ್ರಿ 8.40

ಡ್ರಮ್ ಬಗ್ಗೆ ಮತ್ತೆ ಶುರುವಾದ ನಾಲ್ಕು ಕಾಮೆಂಟ್‌ಗಳನ್ನು ತೆಗೆದಿದ್ದೇನೆ. ದಯವಿಟ್ಟು ಇಲ್ಲಿ ಬೇಡ. ಅದಕ್ಕೆ ಬೇರೆ ಜಾಗ ಇದೆ, ಎಲ್ಲರಿಗೂ ಗೊತ್ತು.

ಸುಮ್ನೆಓದುವವಳು · ಮಂಗಳವಾರ, ರಾತ್ರಿ 11.58

ಇಲ್ಲಿ ಮೂರು ವರ್ಷದಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನಾನು ಆ ಕಡೆ ಇದ್ದವಳು. ಅಂದರೆ ನಿಮ್ಮ ಹುರುಪು ಬಂದು ಬೀಳುವ ಕಡೆ. ಎರಡನೇ ಮಗು ಹುಟ್ಟುವ ಮುಂಚೆಯೇ ಹೋಯಿತು. ಸಭೆಯವರು ಮನೆಗೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು, ಅದರಲ್ಲಿ ಅನುಮಾನ ಇಲ್ಲ. ಮರೆಯಲ್ಲಿ ಏನೋ ಪಾಪ ಇರಬಹುದು, ಹುಡುಕಿ ಅರಿಕೆ ಮಾಡಿ ಅಂದರು. ಮೂರು ದಿನದ ಉಪವಾಸ ಹೇಳಿದರು. ನನಗಾಗ ಇನ್ನೂ ರಕ್ತ ನಿಂತಿರಲಿಲ್ಲ. ಅವರಲ್ಲಿ ಒಬ್ಬರು ರಾತ್ರಿಯೆಲ್ಲ ಪ್ರಾರ್ಥನೆ ಮಾಡುತ್ತಾ ಅತ್ತರು. ನನಗೋಸ್ಕರ. ಆದರೆ ಅಡುಗೆಮನೆಗೆ ಹೋಗಿ ನನ್ನ ದೊಡ್ಡ ಮಗಳಿಗೆ ಊಟ ಹಾಕಿದವರು ಯಾರೂ ಇಲ್ಲ. ಅವಳು ಬಿಸ್ಕತ್ತು ತಿಂದು ಮಲಗಿದಳು.

ನೀವು ಯೇಹು ಬಗ್ಗೆ ಮಾತಾಡಿದಿರಿ. ನಾನು ರಿಚ್ಪಳ ಬಗ್ಗೆ ಹೇಳುತ್ತೇನೆ. 2 ಸಮುವೇಲ 21. ಅರಸ ಸೌಲನಿಗೆ ತನ್ನ ಜನರ ಮೇಲೆ ಎಷ್ಟು ಹುರುಪು ಅಂದರೆ, ಮುಟ್ಟುವುದಿಲ್ಲ ಅಂತ ಇಸ್ರಾಯೇಲ್ಯರು ಹಿಂದೆ ದೇವರ ಮೇಲೆ ಆಣೆ ಮಾಡಿಕೊಟ್ಟಿದ್ದ ಗಿಬ್ಯೋನ್ಯರನ್ನೇ ಕೊಲ್ಲಲು ಹೋದ. ಅಲ್ಲಿ ಹುರುಪು ಅಂತಲೇ ಬರೆದಿದೆ. ಸೌಲ ಸತ್ತ ಮೇಲೆ ಮೂರು ವರ್ಷ ಬರ. ಅದರ ಬೆಲೆಗೆ ಸೌಲನ ಮಕ್ಕಳು ಮೊಮ್ಮಕ್ಕಳು ಏಳು ಜನರನ್ನು ಗಿಬ್ಯೋನ್ಯರಿಗೆ ಕೊಲ್ಲಲು ಕೊಟ್ಟರು. ಅವರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಳ ಮಕ್ಕಳು.

ಅವಳು ಗೋಣಿತಟ್ಟು ತಂದು ಬಂಡೆಯ ಮೇಲೆ ಹಾಸಿಕೊಂಡು ಕೂತಳು. ಸುಗ್ಗಿ ಶುರುವಾದಾಗಿನಿಂದ ಮಳೆ ಬರುವತನಕ. ಹೆಣಗಳನ್ನು ಮುಟ್ಟದಂತೆ ಹಗಲು ಹಕ್ಕಿ ಓಡಿಸಿದಳು, ರಾತ್ರಿ ಕಾಡುಪ್ರಾಣಿ ಓಡಿಸಿದಳು. ಒಂದು ಮಾತೂ ಆಡಿದ್ದು ಅಲ್ಲಿ ಇಲ್ಲ. ಅದನ್ನು ಕೇಳಿ ದಾವೀದ ಎದ್ದು ಹೋಗಿ ಎಲುಬುಗಳನ್ನು ಮಣ್ಣು ಮಾಡಿಸಿದ. ಆಮೇಲೆ ದೇವರು ದೇಶದ ಮೊರೆ ಕೇಳಿದನು ಅಂತಿದೆ. ಆಮೇಲೆ. ಏಳು ಜನ ಸತ್ತ ಕೂಡಲೇ ಅಲ್ಲ.

ಸೌಲನದು ಹುರುಪು ಅಂತ ಬರೆದರು. ಅವಳದಕ್ಕೆ ಯಾವ ಹೆಸರೂ ಇಟ್ಟಿಲ್ಲ.

ರಾತ್ರಿಪಾಳಿ · ಬುಧವಾರ, ಬೆಳಗಿನ ಜಾವ 3.30

ಅಕ್ಕಾ. ವಾರ್ಡಿನಲ್ಲಿ ಕೂತು ಓದಿದೆ. ಏನೂ ಹೇಳುವುದಿಲ್ಲ. ನಿಮ್ಮ ದೊಡ್ಡ ಮಗಳು ಈಗ ಹೇಗಿದ್ದಾಳೆ?

ಸುಮ್ನೆಓದುವವಳು · ಬುಧವಾರ, ಬೆಳಿಗ್ಗೆ 6.40

ಚೆನ್ನಾಗಿದ್ದಾಳೆ. ಹೈಸ್ಕೂಲು. ಸಭೆಗೆ ಬರುವುದಿಲ್ಲ ಅನ್ನುತ್ತಾಳೆ. ನಾನು ಬಲವಂತ ಮಾಡುವುದಿಲ್ಲ.

ಕಾವಲುಗಾರ · ಬುಧವಾರ, ಬೆಳಿಗ್ಗೆ 8.20

ಸಿಸ್ಟರ್, ರಾತ್ರಿ ನಿಮ್ಮ ಬರಹಕ್ಕೆ ಮೂರು ಸಲ ಉತ್ತರ ಟೈಪ್ ಮಾಡಿ ಅಳಿಸಿದೆ. ಅಂಥ ಮನೆಗಳಿಗೆ ಹೋದವರಲ್ಲಿ ನಾನೂ ಒಬ್ಬ. ನಿಮ್ಮ ಮನೆ ಅಲ್ಲ, ಬೇರೆ. ಅರಿಕೆ ಮಾಡಿ ಅಂತ ನಾನೂ ಹೇಳಿದ್ದೇನೆ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದರು, ಬಾಯಿ ಬಿಟ್ಟ ಮೇಲೆ ಕೆಟ್ಟರು. ನಾವು ಏಳು ನಿಮಿಷ ಕೂಡ ಸುಮ್ಮನಿರಲಿಲ್ಲ.

ಆದರೂ ನನ್ನ ಮೂಲ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಬೋಧನೆ ಮುಖ್ಯ. ಹಾಗೆ ನೋಡಿದರೆ "ಮಗು ಸತ್ತರೆ ತಾಯಿಯ ಪಾಪ" ಅನ್ನುವುದೂ ತಪ್ಪು ಬೋಧನೆಯೇ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದು ಅಂತ ಶಿಷ್ಯರು ಕೇಳಿದಾಗ ಆತನು ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದನು. ಡ್ರಮ್ ವಿಷಯಕ್ಕೆ ಬಾಗಿಲಲ್ಲಿ ನಿಂತ ನಾವು, ಇದು ಹಿಂಬಾಗಿಲಿಂದ ಒಳಗೆ ಬಂದಾಗ ಎಲ್ಲಿದ್ದೆವು? ಇದು ನನ್ನ ಕರು ಇರಬಹುದು, ಸಾಸಿವೆಕಾಳು ಸಿಸ್ಟರ್.

ಎಫೆಸದ ಸಭೆಗೆ ಬರೆದದ್ದನ್ನೂ ಮತ್ತೆ ಓದಿದೆ (ಪ್ರಕಟನೆ 2). ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿದ್ದಕ್ಕೆ ಮೆಚ್ಚುಗೆ ಇದೆ. ಅದು ನನ್ನ ಕಡೆಯ ವಚನ ಅಂತ ಯಾವಾಗಲೂ ಹೇಳುತ್ತಿದ್ದೆ. ಎರಡೇ ವಚನ ಆದಮೇಲೆ, ಮೊದಲಿನ ಪ್ರೀತಿ ಬಿಟ್ಟಿದ್ದೀ ಅಂತ ಇದೆ.

ಸಾಸಿವೆಕಾಳು · ಬುಧವಾರ, ಬೆಳಿಗ್ಗೆ 8.55

ಬ್ರದರ್, ಇದನ್ನು ಬರೆಯಲು ಧೈರ್ಯ ಬೇಕು. ಧನ್ಯವಾದ.

ಮೂಲ ಪ್ರಶ್ನೆಗೆ ನೇರ ಉತ್ತರ ಬೇಕಾದವರಿಗೆ ತೀತ 2:14. ಕ್ರಿಸ್ತನು ತನ್ನನ್ನೇ ಕೊಟ್ಟದ್ದು ಒಳ್ಳೆಯ ಕೆಲಸಗಳಲ್ಲಿ ಹುರುಪುಳ್ಳ ಜನರನ್ನು ತನಗಾಗಿ ಮಾಡಿಕೊಳ್ಳಲು ಅಂತಿದೆ. ಒಳ್ಳೆಯ ಕೆಲಸ ಅಂದರೆ ಏನು ಅನ್ನುವುದಕ್ಕೆ ಯಾಕೋಬ 1:27, ಅನಾಥರು, ವಿಧವೆಯರು, ಅವರ ಸಂಕಟದಲ್ಲಿ. ಮೀಕ 6:8. ಯೆಶಾಯ 58. ಯಾವುದೂ ಗುಟ್ಟಲ್ಲ. ನಾವು ಅಲ್ಲಿ ಅಂಡರ್‌ಲೈನ್ ಹಾಕಿಲ್ಲ ಅಷ್ಟೇ.

ಪಕ್ಕದಮನೆಯವನು · ಬುಧವಾರ, ಮಧ್ಯಾಹ್ನ 2.10

ನಾನು ಸುಮ್ನೆ ಒಂದು ಪ್ರಶ್ನೆ ಕೇಳಿ ಹೋಗೋಣ ಅಂತ ಬಂದೆ. ಎಲ್ಲ ಓದಿದೆ. ಸುಮ್ನೆಓದುವವಳು ಅವರಿಗೆ ನಮಸ್ಕಾರ.

ಅಂದ ಹಾಗೆ ನನ್ನ ಗೆಳತಿ ಇನ್ನೊಂದು ತೋರಿಸಿದರು. ಪೌಲನನ್ನು ಕೊಲ್ಲುವವರೆಗೆ ಊಟ ಮಾಡುವುದಿಲ್ಲ, ನೀರು ಕುಡಿಯುವುದಿಲ್ಲ ಅಂತ ನಲವತ್ತಕ್ಕೂ ಹೆಚ್ಚು ಜನ ಶಪಥ ಮಾಡಿದರಂತೆ (ಕೃತ್ಯಗಳು 23). ಪೌಲ ತಪ್ಪಿಸಿಕೊಂಡ. ಆ ನಲವತ್ತು ಜನ ಆಮೇಲೆ ಊಟ ಮಾಡಿದರಾ?

ಎರಡನೇಮೈಲಿ · ಬುಧವಾರ, ಸಂಜೆ 4.00

ಮೂವತ್ತೈದು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆಯನ್ನು ಯಾವ ಹುಡುಗನೂ ಕೇಳಲಿಲ್ಲ! ಲೂಕ ಬರೆದಿಲ್ಲ ಸಾರ್. ಮಾಡಿರುತ್ತಾರೆ, ಯಾರೂ ನೋಡದಿದ್ದಾಗ.

ಗುಡುಗಿನಮರಿ · ಗುರುವಾರ, ರಾತ್ರಿ 9.05

ಎರಡು ದಿನ ಬರೆಯಲಿಲ್ಲ. ಓದುತ್ತಿದ್ದೆ.

ರಾತ್ರಿಪಾಳಿ ಸಿಸ್ಟರ್ ಕೇಳಿದ್ದಕ್ಕೆ: ಇಲ್ಲ, ಮಾತಾಡಿರಲಿಲ್ಲ. ಸಮಾಧಿಗೆ ಹೋಗಿದ್ದೆ, ಹಿಂದೆ ನಿಂತು ಬಂದೆ. ಮುಖ ತೋರಿಸಲಾಗಲಿಲ್ಲ.

ನಿನ್ನೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ದೊಡ್ಡ ಮೆಸೇಜ್ ಬರೆದೆ. ವಚನ ಹಾಕಿದ್ದೆ, ವಿವರಣೆ ಹಾಕಿದ್ದೆ, ಕ್ಷಮೆಗೆ ಕಾರಣ ಹಾಕಿದ್ದೆ. ಕಳಿಸುವ ಮುಂಚೆ ಓದಿದರೆ ಅದೂ ಡ್ರಮ್ ಚರ್ಚೆಯ ಕಾಮೆಂಟ್ ಥರವೇ ಇತ್ತು. ಅಳಿಸಿದೆ. "ಆ ರಾತ್ರಿ ನಾನು ಬರಬೇಕಿತ್ತು. ಬರಲಿಲ್ಲ. ಪ್ರಾರ್ಥನೆಯನ್ನೂ ಮಾಡಲಿಲ್ಲ. ತಪ್ಪಾಯಿತು" ಅಂತ ಕಳಿಸಿದೆ.

ಇವತ್ತು ಸಂಜೆ ಉತ್ತರ ಬಂತು. ಹಾಗೇ ಹಾಕುತ್ತೇನೆ, ಅವನು ಬೇಡ ಅನ್ನುವುದಿಲ್ಲ. "ಭಾನುವಾರ ಬೇಡ, ನಿಂಗೆ ಸಭೆ ಇರುತ್ತೆ. ಶನಿವಾರ ಬಾ. ಅಮ್ಮನ ಕಪಾಟು ಖಾಲಿ ಮಾಡ್ಬೇಕು, ಒಬ್ನೇ ಮಾಡೋಕೆ ಆಗ್ತಿಲ್ಲ."

ಸಾಸಿವೆಕಾಳು · ಗುರುವಾರ, ರಾತ್ರಿ 9.20

ನಿಮ್ಮ ಹೆಸರಿನ ಬಗ್ಗೆ ಮೊದಲ ದಿನವೇ ಹೇಳಬೇಕು ಅಂದುಕೊಂಡಿದ್ದೆ. ಗುಡುಗಿನ ಮಕ್ಕಳು ಅಂತ ಯೇಸು ಸ್ವಾಮಿ ಕರೆದದ್ದು ಯಾಕೋಬ ಯೋಹಾನರನ್ನು. ಸಮಾರ್ಯದ ಒಂದು ಹಳ್ಳಿಯವರು ಇಳಿದುಕೊಳ್ಳಲು ಜಾಗ ಕೊಡಲಿಲ್ಲ ಅಂತ ಆಕಾಶದಿಂದ ಬೆಂಕಿ ಬೀಳಿಸೋಣವೇ ಅಂತ ಕೇಳಿದವರು ಇವರೇ. ಅದೇ ಯೋಹಾನ ಕೃತ್ಯಗಳು 8ರಲ್ಲಿ ಪೇತ್ರನ ಜೊತೆ ಸಮಾರ್ಯಕ್ಕೆ ಹೋಗುತ್ತಾನೆ. ಆ ಜನರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾನೆ. ವಾಪಸ್ ಬರುವಾಗ ಸಮಾರ್ಯದ ಹಳ್ಳಿಹಳ್ಳಿಯಲ್ಲಿ ನಿಂತು ಸುವಾರ್ತೆ ಹೇಳುತ್ತಾ ಬರುತ್ತಾರೆ. ಆ ಹಳ್ಳಿಯೂ ಅದರಲ್ಲಿ ಇತ್ತೋ ಏನೋ.

ರಾತ್ರಿಪಾಳಿ · ಗುರುವಾರ, ರಾತ್ರಿ 9.31

ಖಾಲಿ ರಟ್ಟಿನ ಡಬ್ಬ ನಾಲ್ಕೈದು ತಗೊಂಡು ಹೋಗಿ, ಅಲ್ಲಿ ಹುಡುಕೋ ಹಾಗಾಗಬಾರದು. ಸೀರೆಗಳನ್ನು ಅವರೇ ಮಡಿಸಲಿ, ನೀವು ಮುಟ್ಟಬೇಡಿ. ಔಷಧಿ ಚೀಟಿ, ಮಾತ್ರೆ ಇದ್ದರೆ ಬೇರೆ ಇಡಿ. ಅವರು ನಡುವೆ ನಿಂತುಬಿಟ್ಟರೆ ಆತುರ ಮಾಡಬೇಡಿ.

ಗುಡುಗಿನಮರಿ · ಗುರುವಾರ, ರಾತ್ರಿ 9.34

ಡಬ್ಬ ಹುಡುಕಲು ಹೊರಟೆ.